ಮನೆ ಅವರದು, ನೆಲ ನಮ್ಮದು: ಮೊಬೈಲ್ ಹೋಮ್ ಪಾರ್ಕ್‌ಗಳಲ್ಲಿ ಹಣ ಹೂಡುವ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಟೆಕ್ಸಸ್‌ನಲ್ಲೂ ಅಮೆರಿಕದ ಬೇರೆ ರಾಜ್ಯಗಳಲ್ಲೂ ಮೊಬೈಲ್ ಹೋಮ್ ಪಾರ್ಕ್‌ಗಳಲ್ಲಿ ಹಣ ಹೂಡಿರುವ, ಹೂಡಲು ಹೊರಟಿರುವ ಕನ್ನಡಿಗರಿಗೆ, ಮತ್ತು ಅಂಥ ಸಭೆಗಳಿಗೆ ವೇದಿಕೆ ಕೊಡುವ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ಮಾನ್ಯರೇ,

ಯುಗಾದಿ ಕಾರ್ಯಕ್ರಮ ಮುಗಿದ ಮರುವಾರ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ಶನಿವಾರ ಸಂಜೆ ಜೂಮ್‌ನಲ್ಲಿ ಒಂದು ಗಂಟೆ, ವಿಷಯ ಮೊಬೈಲ್ ಹೋಮ್ ಪಾರ್ಕ್, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಮನೆ ತಂದಿಟ್ಟುಕೊಂಡವರಿಗೆ ನೆಲವನ್ನು ಬಾಡಿಗೆಗೆ ಕೊಡುವ ಜಾಗ. ಕನಿಷ್ಠ ಹೂಡಿಕೆ 50 ಸಾವಿರ ಡಾಲರ್. ನಡೆಸಿಕೊಡುವವರು ನಮ್ಮ ಕಡೆಯವರೇ. ನಾನೂ ಸೇರಿಕೊಂಡೆ. ತಪ್ಪು ಹುಡುಕಲು ಸೇರಿದ್ದಲ್ಲ, ಹಣ ಹಾಕುವ ಮನಸ್ಸಿನಿಂದಲೇ ಸೇರಿದ್ದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಚೆಕ್‌ಬುಕ್ ಮೇಜಿನ ಮೇಲೆಯೇ ಇತ್ತು. ನಿವೃತ್ತಿಗೆ ಐದಾರು ವರ್ಷ ಉಳಿದವನಿಗೆ ಕೂತಲ್ಲೇ ಶೇ 8 ಬರುತ್ತದೆ ಎಂದರೆ ಕಿವಿ ನಿಮಿರುವುದು ಸಹಜ.

ಅರ್ಧ ಗಂಟೆ ಕಳೆದ ಮೇಲೆ ಪರದೆಯಲ್ಲಿ ಒಂದು ಗೆರೆ ಮೂಡಿತು. ಅಮೆರಿಕದಲ್ಲಿ ಹೊಸ ಮ್ಯಾನುಫ್ಯಾಕ್ಚರ್ಡ್ ಹೋಮ್‌ನ, ಅಂದರೆ ಅಂಥ ಕಾರ್ಖಾನೆ ಮನೆಯ, ಸರಾಸರಿ ಬೆಲೆ. 2014ರಲ್ಲಿ ಸುಮಾರು 65 ಸಾವಿರ ಡಾಲರ್, 2022ರಲ್ಲಿ ಸುಮಾರು 1 ಲಕ್ಷ 27 ಸಾವಿರ. ಕೊನೆಯ ಎರಡು ವರ್ಷವಂತೂ ಗೆರೆ ಚಾರ್ಮಾಡಿ ಘಾಟಿ ಹತ್ತಿದ ಹಾಗೆ ಹತ್ತಿತ್ತು. ಪಾಪ, ಕೊಳ್ಳುವವರ ಗತಿ ಏನಪ್ಪಾ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಭೆ ನಡೆಸುತ್ತಿದ್ದ ನಮ್ಮ ಮಿತ್ರರು ನಕ್ಕರು. "ಇದೇ ನೋಡಿ ನಮ್ಮ ಸೇಫ್ಟಿ. ಹೊಸ ಮನೆ ಈ ರೇಟಿಗೆ ಹೋದ ಮೇಲೆ ಇರೋರು ಬಿಟ್ಟು ಎಲ್ಲಿಗೆ ಹೋಗ್ತಾರೆ? ವರ್ಷಕ್ಕೆ 50 ಡಾಲರ್ ಲಾಟ್ ರೆಂಟ್ (ಮನೆ ನಿಂತ ನೆಲದ ತಿಂಗಳ ಬಾಡಿಗೆ) ಏರಿಸಿದ್ರೂ ಹೋಗಲ್ಲ ಸಾರ್. ಹೋಗೋಕೆ ಆಗಲ್ಲ." ಆ ಕೊನೆಯ ಮಾತಿಗೆ ಪರದೆಯ ಮೂಲೆಯಿಂದ ಮೂರ್ನಾಲ್ಕು ಹೆಬ್ಬೆರಳುಗಳು ಹಾರಿದವು.

ಈ ಪತ್ರ ಆ ಹೆಬ್ಬೆರಳುಗಳಿಗೆ.

ನಾನು ವಿಮೆ ಅಡ್ಜಸ್ಟರ್. ಉತ್ತರ ಟೆಕ್ಸಸ್‌ನಲ್ಲಿ ಆಲಿಕಲ್ಲು ಬಿದ್ದಾಗ, ಸುಂಟರಗಾಳಿ ಬೀಸಿದಾಗ ಏಣಿ, ಟೇಪು, ಕ್ಯಾಮೆರಾ ಹಿಡಿದುಕೊಂಡು ಹೋಗಿ ನಷ್ಟದ ಅಂದಾಜು ಬರೆಯುವುದು ನನ್ನ ಕೆಲಸ. ಹದಿನಾರು ವರ್ಷದಲ್ಲಿ ಎಷ್ಟು ಪಾರ್ಕ್ ಸುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಮನೆಯ ಬೆಲೆ ಏರಿದ್ದು ನನಗೆ ಗೆರೆಯಾಗಿ ಕಂಡಿದ್ದಲ್ಲ. ಮೂವತ್ತು ವರ್ಷ ಪ್ರೀಮಿಯಂ ಕಟ್ಟಿದವರ ಮುಂದೆ ನಿಂತು, ನಿಮ್ಮ ಪಾಲಿಸಿಯ ದುಡ್ಡಿಗೆ ಇವತ್ತು ಇಂಥ ಮನೆ ಬರುವುದಿಲ್ಲ ಎಂದು ಹೇಳಬೇಕಾಗಿ ಬಂದಾಗ ಕಂಡಿದ್ದು.

ಈ ಮನೆಗಳನ್ನು ಹೆದ್ದಾರಿಯ ಕಾರಿನಿಂದಷ್ಟೇ ನೋಡಿದವರಿಗೆ ನಾಲ್ಕು ಮಾತು. ಜನರ ಬಾಯಲ್ಲಿ ಇವು ಟ್ರೇಲರ್, ಮೊಬೈಲ್ ಹೋಮ್. ಕಾನೂನಿನ ಹೆಸರು ಮ್ಯಾನುಫ್ಯಾಕ್ಚರ್ಡ್ ಹೋಮ್. 1974ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತು. ಅದರಂತೆ ಕೇಂದ್ರದ ವಸತಿ ಇಲಾಖೆ ಹೊರಡಿಸಿದ ನಿಯಮಗಳು 1976ರ ಜೂನ್ 15ರಿಂದ ಜಾರಿಗೆ ಬಂದವು. ಅಂದಿನಿಂದ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಭಾಗದ ಹಿಂಬದಿಗೂ ಕೆಂಪು ಲೋಹದ ಪಟ್ಟಿ ಹೊಡೆಯುತ್ತಾರೆ. ಒಳಗೆ, ಹೆಚ್ಚಾಗಿ ಅಡುಗೆಮನೆಯ ಕ್ಯಾಬಿನೆಟ್‌ನಲ್ಲಿ, ಡೇಟಾ ಪ್ಲೇಟ್ ಎಂಬ ಕಾಗದ ಅಂಟಿಸಿರುತ್ತಾರೆ. ಯಾವ ಕಾರ್ಖಾನೆ, ಯಾವ ದಿನ, ಎಷ್ಟು ಗಾಳಿ ತಡೆಯುತ್ತದೆ, ಮಾಡು ಎಷ್ಟು ಭಾರ ಹೊರುತ್ತದೆ ಎಲ್ಲ ಅದರಲ್ಲಿರುತ್ತದೆ. ಮನೆಯ ಜಾತಕ ಅನ್ನಿ. ಒಂದೇ ತುಂಡಿನದು ಸಿಂಗಲ್‌ವೈಡ್. ಎರಡು ತುಂಡು ತಂದು ನಡುವೆ ಬೆಸೆದರೆ ಡಬಲ್‌ವೈಡ್. ಆ ಬೆಸುಗೆಯ ಗೆರೆಗೆ ಕೆಲಸದವರು 'ಮ್ಯಾರೇಜ್ ಲೈನ್' ಅನ್ನುತ್ತಾರೆ, ಸೋರಿದರೆ ಅಲ್ಲಿಂದಲೇ ಸೋರುವುದು. ಅಡಿಯಲ್ಲಿ ಕಾಯಂ ಚಾಸಿ, ಅಂದರೆ ಲಾರಿಗಿರುವಂಥ ಚೌಕಟ್ಟು, ಇರಲೇಬೇಕೆಂದು ಆ 1974ರ ಕಾಯ್ದೆಯೇ ಹೇಳಿತು. ಹೆಸರಿಗೆ ಮೊಬೈಲ್ ಆದರೂ ಒಮ್ಮೆ ಇಳಿಸಿ, ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಿ, ಪಟ್ಟಿ ಬಿಗಿದ ಮೇಲೆ ಬಹುತೇಕ ಮನೆಗಳು ಮತ್ತೆ ಕದಲುವುದಿಲ್ಲ. ಕದಲಿಸಲು ಹತ್ತು ಹದಿನೈದು ಸಾವಿರ ಡಾಲರ್ ಬೇಕು. ಹಳೆಯ ಮನೆಯಾದರೆ ಅದು ದಾರಿಯಲ್ಲೇ ಬಿರುಕು ಬಿಡುತ್ತದೆ, ಬಿಡದಿದ್ದರೂ ಬೇರೆ ಪಾರ್ಕ್‌ನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ದೇಶದಲ್ಲಿ ಸುಮಾರು 2 ಕೋಟಿ ಜನ ಇಂಥ ಮನೆಗಳಲ್ಲಿ ಇದ್ದಾರೆ.

2023ರ ಮೇ ತಿಂಗಳಲ್ಲಿ ನನಗೆ ಬಂದ ಒಂದು ಕ್ಲೇಮಿನ ಕಥೆ ಹೇಳುತ್ತೇನೆ. ಜೂಮ್‌ನಲ್ಲಿ ತೋರಿಸಿದ ಪಾರ್ಕ್ ಅದಲ್ಲ, ಇದಕ್ಕೂ ಅದಕ್ಕೂ ಸಂಬಂಧ ಕಟ್ಟಬೇಡಿ. ಮನೆಯೊಡತಿ ಅರವತ್ತೆಂಟರ ಹೆಂಗಸು, ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದವರು. 2017ರಲ್ಲಿ 49 ಸಾವಿರ ಡಾಲರ್‌ಗೆ 16 ಅಡಿ ಅಗಲ, 76 ಅಡಿ ಉದ್ದದ ಹೊಸ ಸಿಂಗಲ್‌ವೈಡ್ ಕೊಂಡಿದ್ದರು. ಕೈಯಿಂದ 5 ಸಾವಿರ, ಉಳಿದದ್ದು ಸಾಲ. ಗಾಳಿ ಬಂದ ರಾತ್ರಿ ಅವರು ಮಗಳ ಮನೆಗೆ ಹೋಗಿದ್ದರಿಂದ ಜೀವ ಉಳಿಯಿತು. ಬೆಳಿಗ್ಗೆ ನಾನು ಹೋದಾಗ ಮನೆ ಪಕ್ಕದ ಲಾಟಿನಲ್ಲಿ ಮಗ್ಗುಲಾಗಿ ಬಿದ್ದಿತ್ತು. ಚಾಸಿಯ ಹೊಟ್ಟೆ ಮೇಲೆ, ಅದರಿಂದ ಗುಲಾಬಿ ಬಣ್ಣದ ಇನ್ಸುಲೇಶನ್ ಕರುಳಿನ ಹಾಗೆ ಜೋತಾಡುತ್ತಿತ್ತು.

ನಾನು ಡೇಟಾ ಪ್ಲೇಟ್ ಹುಡುಕಬೇಕು. ಅಡುಗೆಮನೆ ಇದ್ದ ಜಾಗವೇ ಗೊತ್ತಾಗುವಂತಿರಲಿಲ್ಲ. ಆ ಹೆಂಗಸೇ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ ಒಂದು ಕ್ಯಾಬಿನೆಟ್ ಬಾಗಿಲನ್ನು ಎತ್ತಿಕೊಂಡು ಬಂದರು. ಒಳಮೈಗೆ ಡೇಟಾ ಪ್ಲೇಟ್ ಹಾಗೇ ಅಂಟಿಕೊಂಡಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪಟ್ಟಿ: 2017, 345. 2018, 355. 2019, 365. ಹೀಗೆ ವರ್ಷವಾರು. "ಇದೇನು?" ಅಂದೆ. ಪ್ರತಿ ಜನವರಿಯ ಲಾಟ್ ರೆಂಟ್ ಬರೆದಿಟ್ಟುಕೊಳ್ಳುತ್ತಿದ್ದೆ ಅಂದರು. 2021ರಲ್ಲಿ ಪಾರ್ಕ್ ಕೈಬದಲಾಗಿತ್ತು. ಆಮೇಲಿನ ಎರಡು ಸಾಲು: 2022, 490. 2023, 610. ಕೊನೆಯ ಅಂಕಿಯ ಕೆಳಗೆ ಪೆನ್ಸಿಲ್ ಒತ್ತಿ ಎರಡು ಗೆರೆ ಎಳೆದಿದ್ದರು.

ಪಾಲಿಸಿಯಲ್ಲಿದ್ದ ಮೊತ್ತ 52 ಸಾವಿರ. ಪೂರ್ತಿ ಮಂಜೂರು ಮಾಡಿಸಿದೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿರಲಿಲ್ಲ. ಡಿಡಕ್ಟಿಬಲ್ (ನಷ್ಟದಲ್ಲಿ ಪಾಲಿಸಿದಾರರೇ ಹೊರಬೇಕಾದ ಪಾಲು) ಒಂದು ಸಾವಿರ ಹೋಗಿ, ಸಾಲದ ಬಾಕಿ 33 ಸಾವಿರ ತೀರಿ, ಅವರ ಕೈಗೆ ಬಂದದ್ದು 18 ಸಾವಿರ. ಅದೇ ಅಳತೆಯ ಹೊಸ ಸಿಂಗಲ್‌ವೈಡ್‌ಗೆ ಡೀಲರ್ ಹೇಳಿದ ಬೆಲೆ 88 ಸಾವಿರ. ಸಾಗಣೆ, ಕೂರಿಸುವ ಖರ್ಚು, ಮೆಟ್ಟಿಲು, ಮನೆಯಡಿಯ ಸುತ್ತ ಮುಚ್ಚುವ ಸ್ಕರ್ಟಿಂಗ್, ಎಸಿ ಸೇರಿ ಒಂದು ಲಕ್ಷ ಮುಟ್ಟಿತು. ಇದರ ನಡುವೆ ಪಾರ್ಕ್ ಕಚೇರಿಯಿಂದ ಒಂದು ಚೀಟಿ: ಲೀಸ್ ಮುಗಿಯುವವರೆಗೆ ಖಾಲಿ ಲಾಟಿನ ಬಾಡಿಗೆ ಕಟ್ಟಬೇಕು, ಅವಶೇಷ ತೆರವು ಮಾಡಿಸಬೇಕು.

ಜೂಮ್‌ನ ಗೆರೆಯಲ್ಲಿ ಈ ಹೆಂಗಸು ಎಲ್ಲಿ ನಿಂತಿದ್ದಾರೆ ಎಂದು ತೋರಿಸಲು ಸ್ವಲ್ಪ ಅಂಕಿಗಳು ಬೇಕು. ಸೆನ್ಸಸ್ ಬ್ಯೂರೊ ಈ ಮನೆಗಳ ಬೆಲೆ ಲೆಕ್ಕವನ್ನು ವಸತಿ ಇಲಾಖೆಗಾಗಿ ಇಡುತ್ತದೆ, ಯಾರು ಬೇಕಾದರೂ ನೋಡಬಹುದು. ನೆಲದ ಬೆಲೆ ಅದರಲ್ಲಿ ಸೇರಿಲ್ಲ, ಬರೀ ಮನೆಯದು. 2019ರಲ್ಲಿ ಸರಾಸರಿ ಸುಮಾರು 82 ಸಾವಿರ ಡಾಲರ್. 2020ರಲ್ಲಿ 87 ಸಾವಿರ. 2021ರಲ್ಲಿ 1 ಲಕ್ಷ 8 ಸಾವಿರ. 2022ರಲ್ಲಿ 1 ಲಕ್ಷ 27 ಸಾವಿರ. 2023ರಲ್ಲಿ ಸ್ವಲ್ಪ ಇಳಿದು 1 ಲಕ್ಷ 24 ಸಾವಿರದ ಹತ್ತಿರ ನಿಂತಿತು. ಸರಾಸರಿ ಎಂಬುದು ಸಿಂಗಲ್ಲನ್ನೂ ಡಬಲ್ಲನ್ನೂ ಕಲಸಿದ ಲೆಕ್ಕ, ಹಾಗಾಗಿ ಅದೊಂದನ್ನೇ ನಂಬಬಾರದು. ಬಡವರು ಕೊಳ್ಳುವ ಸಿಂಗಲ್‌ವೈಡ್ ಮಾತ್ರ ತೆಗೆದುಕೊಂಡರೂ 2019ರಲ್ಲಿ ಸುಮಾರು 53 ಸಾವಿರ ಇದ್ದದ್ದು 2022ಕ್ಕೆ ಸುಮಾರು 86 ಸಾವಿರ ಆಗಿತ್ತು. ಮೂರು ವರ್ಷದಲ್ಲಿ ಶೇ 60ರಷ್ಟು ಏರಿಕೆ. ಹೀಗಿದ್ದೂ, ಸೈಟಿನಲ್ಲೇ ಕಟ್ಟುವ ಮನೆಗೆ ಹೋಲಿಸಿದರೆ ಚದರ ಅಡಿಗೆ ಹೆಚ್ಚುಕಡಿಮೆ ಅರ್ಧ ಬೆಲೆ. ಅಂದರೆ ಇದಕ್ಕಿಂತ ಕೆಳಗಿನ ಮೆಟ್ಟಿಲು ಇಲ್ಲ. ಇಲ್ಲಿಂದ ಜಾರಿದರೆ ಮಗಳ ಮನೆಯ ಸೋಫಾ, ಇಲ್ಲವೇ ಕಾರಿನ ಹಿಂದಿನ ಸೀಟು.

ಏಕೆ ಏರಿತು ಎಂಬುದನ್ನು ನನ್ನ ಅಂದಾಜು ಪಟ್ಟಿಯೇ ತಿಂಗಳು ತಿಂಗಳು ಹೇಳುತ್ತಿತ್ತು. 2021ರ ಮೇ ತಿಂಗಳಲ್ಲಿ ಮರದ ದರ ಸಾವಿರ ಬೋರ್ಡ್ ಅಡಿಗೆ 1,600 ಡಾಲರ್ ದಾಟಿತು. ಕೋವಿಡ್‌ಗೆ ಮೊದಲು 400ರ ಆಸುಪಾಸು ಇದ್ದದ್ದು ಅದು. ಗೋಡೆ, ಮಾಡು, ನೆಲಕ್ಕೆಲ್ಲ ಬಳಸುವ ಓಎಸ್‌ಬಿ ಹಲಗೆಯ ದರ ಹಲವು ಪಟ್ಟಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಟೆಕ್ಸಸ್ ಹೆಪ್ಪುಗಟ್ಟಿದ್ದು ನೆನಪಿದೆಯಲ್ಲ? ನಾವು ಹಿಮ ಕರಗಿಸಿ ಟಾಯ್ಲೆಟ್ಟಿಗೆ ಸುರಿಯುತ್ತಿದ್ದ ಆ ವಾರ ಕರಾವಳಿಯ ರಾಸಾಯನಿಕ ಕಾರ್ಖಾನೆಗಳೂ ನಿಂತವು. ಪೈಪು, ವಿನೈಲ್ ಸೈಡಿಂಗ್, ಅಂಟು, ಫೋಮ್ ಎಲ್ಲದಕ್ಕೂ ಬೇಕಾದ ರೆಸಿನ್ ಸಿಗಲಿಲ್ಲ. ಕಿಟಕಿಗೆ ಕಾಯಬೇಕು, ಫ್ರಿಜ್ಜಿಗೆ ಕಾಯಬೇಕು, ಕೆಲಸದವರು ಸಿಗುವುದಿಲ್ಲ. ಇದೆಲ್ಲ ಅರ್ಥವಾಗುವ ಕಾರಣ. ಆದರೆ ಮರದ ದರ ಮತ್ತೆ ಕೆಳಗಿಳಿದ ಮೇಲೂ ಮನೆಯ ಬೆಲೆ ಹಳೆಯ ಜಾಗಕ್ಕೆ ಮರಳಲಿಲ್ಲ. ಏರುವಾಗ ಲಿಫ್ಟ್, ಇಳಿಯುವಾಗ ಮೆಟ್ಟಿಲು. ಮಾರುಕಟ್ಟೆಯ ಬಹುಪಾಲು ಕ್ಲೇಟನ್, ಚಾಂಪಿಯನ್, ಕ್ಯಾವ್ಕೊ ಎಂಬ ಮೂರು ಕಂಪನಿಗಳದು ಎಂಬುದನ್ನೂ ಇಲ್ಲಿ ನೆನೆಯಬೇಕು. ಇನ್ನೊಂದು ಸಂಗತಿ, ತಯಾರಾಗುವ ಮನೆಗಳೇ ಮೊದಲಿಗಿಂತ ಕಡಿಮೆ. 1998ರಲ್ಲಿ ಕಾರ್ಖಾನೆಗಳಿಂದ 3 ಲಕ್ಷ 70 ಸಾವಿರಕ್ಕೂ ಹೆಚ್ಚು ಮನೆ ಹೊರಬಿದ್ದಿದ್ದವು. ಅಂದಿನ ಬೇಕಾಬಿಟ್ಟಿ ಸಾಲದ ಗುಳ್ಳೆ ಒಡೆದು 2009ರಲ್ಲಿ ಅದು 50 ಸಾವಿರಕ್ಕೂ ಕೆಳಗೆ ಬಂತು. 2022ರ ಭರಾಟೆಯಲ್ಲೂ 1 ಲಕ್ಷ 12 ಸಾವಿರದ ಸುಮಾರಿಗೆ ನಿಂತಿತು, ಮರುವರ್ಷ 89 ಸಾವಿರಕ್ಕೆ ಕುಸಿಯಿತು. ಬಡ್ಡಿ ಏರಿದ್ದೂ ಅದಕ್ಕೆ ಒಂದು ಕಾರಣ.

ಬಡ್ಡಿಯ ಮಾತು ಬಂತು. ನೆಲ ಸ್ವಂತದ್ದಲ್ಲದ ಮನೆಗೆ ಸಿಗುವುದು ನಿಮಗೂ ನನಗೂ ಸಿಕ್ಕ 30 ವರ್ಷದ ಗೃಹಸಾಲವಲ್ಲ, ಚ್ಯಾಟಲ್ ಲೋನ್. ಕಾರಿಗೆ ಕೊಟ್ಟ ಹಾಗೆ ಕೊಡುತ್ತಾರೆ, ಬಡ್ಡಿ ಹೆಚ್ಚು, ಅವಧಿ ಕಡಿಮೆ. ಲೆಕ್ಕ ಹಾಕಿ ನೋಡಿ: 53 ಸಾವಿರದ ಮನೆಗೆ ಹತ್ತನೇ ಒಂದು ಭಾಗ ಕೈಯಿಂದ ಹಾಕಿ ಉಳಿದದ್ದನ್ನು ಶೇ 8ರಂತೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 400 ಡಾಲರ್. 86 ಸಾವಿರದ ಮನೆಗೆ ಶೇ 10ರಂತೆ ಪಡೆದರೆ 747. ಮನೆಯ ಬೆಲೆ ಏರಿದ್ದಕ್ಕಿಂತ ಕಂತು ಹೆಚ್ಚು ಏರಿತು. ಇದರ ಮೇಲೆ ಲಾಟ್ ರೆಂಟ್. ಅದರ ಮೇಲೆ ವಿಮೆ, ಮನೆಗೆ ತೆರಿಗೆ.

ಈಗ ನಮ್ಮ ಕಡೆಯ ಲೆಕ್ಕ. ಜೂಮ್‌ನಲ್ಲಿ ಇದನ್ನು ಬಹಳ ಚೆನ್ನಾಗಿಯೇ ವಿವರಿಸಿದರು, ಮೆಚ್ಚಬೇಕು. ನೂರು ಲಾಟಿನ ಪಾರ್ಕ್. ತಿಂಗಳಿಗೆ 50 ಡಾಲರ್ ಏರಿಸಿದರೆ ವರ್ಷಕ್ಕೆ 60 ಸಾವಿರ ಹೆಚ್ಚುವರಿ ಆದಾಯ. ಶೇ 6ರ ಕ್ಯಾಪ್ ರೇಟಿನಲ್ಲಿ (ಆಸ್ತಿಯ ಬೆಲೆಗೆ ಅದರ ವರ್ಷದ ನಿವ್ವಳ ಆದಾಯ ಶೇಕಡಾ ಎಷ್ಟು ಎಂಬ ದರ) ಭಾಗಿಸಿದರೆ ಪಾರ್ಕಿನ ಬೆಲೆ ಹತ್ತು ಲಕ್ಷ ಡಾಲರ್ ಏರಿತು. ಒಂದು ಮೊಳೆ ಹೊಡೆಯಬೇಕಿಲ್ಲ, ಒಂದು ಪೈಪು ಬದಲಿಸಬೇಕಿಲ್ಲ. ಐದು ವರ್ಷಕ್ಕೆ ಮಾರಿ ಹೊರಬರುವುದು. ಹೊಸ ಮನೆಯ ಬೆಲೆ ಏರಿದಷ್ಟೂ ಇರುವವರು ಅಲುಗಾಡಲಾರರು, ಅಲುಗಾಡಲಾರದವರ ಬಾಡಿಗೆ ಏರಿಸುವುದು ಸುಲಭ. ಹೊಸ ಪಾರ್ಕಿಗೆ ಊರಿನವರು ಅನುಮತಿ ಕೊಡುವುದಿಲ್ಲವಾದ್ದರಿಂದ ಪೈಪೋಟಿಯೂ ಇಲ್ಲ. ಟೆಕ್ಸಸ್‌ನಲ್ಲಿ ಲಾಟ್ ರೆಂಟಿಗೆ ಕಾನೂನಿನ ಮಿತಿಯೂ ಇಲ್ಲ. ಆ ಗೆರೆಯನ್ನು ನಮ್ಮ ಮಿತ್ರರು ಏಕೆ ನಗುತ್ತಾ ತೋರಿಸಿದರು ಎಂದು ನನಗೆ ಅರ್ಥವಾದದ್ದು ಆಗ. ಚೆಕ್‌ಬುಕ್ ಡ್ರಾಯರಿಗೆ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಕ್ಯಾಂಟೀನಿನ ಹೆಂಗಸಿಗಿಂತ ಹೆಚ್ಚು ನನ್ನ ಅಜ್ಜ.

ನಾನು ಬೆಳ್ತಂಗಡಿ ಕಡೆಯವನು. ಅಜ್ಜ ಚಾಲಗೇಣಿ ಒಕ್ಕಲು. ವರ್ಷಕ್ಕೆ ಹದಿನೆಂಟು ಮುಡಿ (ನಮ್ಮ ಕಡೆಯ ಅಕ್ಕಿಯ ಅಳತೆ) ಅಕ್ಕಿ ಧಣಿಗಳ ಮನೆಗೆ ಅಳೆಯಬೇಕು. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡಿನ ಮನೆಯನ್ನು ಕಟ್ಟಿದ್ದು ಅಜ್ಜ. ತೆಂಗು ನೆಟ್ಟದ್ದು, ಬಾವಿ ತೋಡಿದ್ದು ಅಜ್ಜ. ನೆಲ ಮಾತ್ರ ಧಣಿಗಳದು. ಕರಾವಳಿಯವರಿಗೆ ಗೊತ್ತು, ಮೂಲಗೇಣಿ ಎಂದರೆ ಗೇಣಿ ಶಾಶ್ವತ, ದರ ಏರಿಸುವಂತಿಲ್ಲ. ಚಾಲಗೇಣಿಯಾದರೆ ಎಲ್ಲ ಧಣಿಗಳ ಮರ್ಜಿ. ಹದಿನೆಂಟು ಮುಡಿ ಇಪ್ಪತ್ತೆರಡಾದಾಗ ಅಜ್ಜ ಬಿಟ್ಟು ಹೋಗಬಹುದಿತ್ತಲ್ಲ ಎಂದು ಸಣ್ಣವನಿದ್ದಾಗ ಕೇಳಿದ್ದೆ. ಅಜ್ಜಿ ನಕ್ಕು, "ಬಾವಿಯನ್ನು ಹೊತ್ತುಕೊಂಡು ಹೋಗಲಿಕ್ಕೆ ಆಗ್ತದಾ ಮಗಾ?" ಅಂದಿದ್ದರು. ಹೋಗೋಕೆ ಆಗಲ್ಲ ಸಾರ್ ಎಂಬುದನ್ನು ನಮ್ಮ ಮನೆಯಲ್ಲಿ ಹಾಗೆ ಹೇಳುತ್ತಿದ್ದರು.

1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ರದ್ದಾಯಿತು. ದೇವರಾಜ ಅರಸರ ಸರ್ಕಾರದ ಕಾಲ. ಅಜ್ಜ 7ನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿದರು. ಭೂನ್ಯಾಯಮಂಡಳಿಯ ಆದೇಶದ ಪ್ರತಿ ಈಗಲೂ ತಮ್ಮನ ಮನೆಯ ಟ್ರಂಕಿನಲ್ಲಿದೆ. ಆ ಎರಡೂವರೆ ಎಕರೆ ಅಡಿಕೆ ತೋಟವೇ ನನ್ನನ್ನು ಸುರತ್ಕಲ್ಲಿನ ಹಾಸ್ಟೆಲಿಗೆ ಕಳಿಸಿತು, ಅಲ್ಲಿಂದ ಇಲ್ಲಿಗೆ. ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಅಂಥ ಟ್ರಂಕ್ ಇದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಜಮೀನು ಬಿಟ್ಟುಕೊಟ್ಟ ಮನೆಗಳವರೂ ಇದ್ದೀರಿ, ಅವರ ನೋವೂ ನೋವೇ. ಆದರೆ ಎರಡೂ ಕಡೆಯವರಿಗೆ ಇನ್ನೊಬ್ಬರ ನೆಲದ ಮೇಲಿನ ಮನೆ ಎಂದರೇನು ಎಂಬುದು ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಅದೇ 1974ರ ಆಗಸ್ಟ್‌ನಲ್ಲಿ ಇಲ್ಲಿಯ ಕಾಯ್ದೆಗೆ ಸಹಿ ಬಿತ್ತು. ಗೋಡೆ ಹೇಗಿರಬೇಕು, ವೈರಿಂಗ್ ಹೇಗಿರಬೇಕು, ಮಾಡು ಎಷ್ಟು ಹೊರಬೇಕು ಎಲ್ಲಕ್ಕೂ ದಾರಿ ಮಾಡಿದ ಆ ಕಾಯ್ದೆ, ಮನೆ ನಿಲ್ಲುವ ನೆಲದ ಬಗ್ಗೆ ಬಾಯಿ ಬಿಡಲಿಲ್ಲ. ಅದನ್ನು ರಾಜ್ಯಗಳಿಗೆ, ಲೀಸಿಗೆ ಬಿಟ್ಟಿತು. ಹಾಗಾಗಿ ಟೆಕ್ಸಸ್‌ನ ಪಾರ್ಕಿನಲ್ಲಿ ಇವತ್ತು ನಡೆಯುತ್ತಿರುವುದು, ಹೆಸರು ಬೇರೆ ಅಷ್ಟೇ, ಚಾಲಗೇಣಿ. ಮುಡಿ ಅಳೆಸಿಕೊಳ್ಳುವ ಕಡೆ ಈ ಸಲ ನಾವು ಕೂತಿದ್ದೇವೆ.

ಹೂಡಿಕೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಳೆಯ ಮಾಲೀಕರೆಲ್ಲ ದೇವತೆಗಳಾಗಿರಲಿಲ್ಲ. ನಾನು ನೋಡಿದ ಎಷ್ಟೋ ಪಾರ್ಕ್‌ಗಳಲ್ಲಿ ಬಾಡಿಗೆ ಕಡಿಮೆ ಇತ್ತು, ಜೊತೆಗೆ ಒಳಚರಂಡಿ ಉಕ್ಕಿ ಹರಿಯುತ್ತಿತ್ತು, ವಿದ್ಯುತ್ ಕಂಬದ ಬುಡ ಕೊಳೆತಿತ್ತು. ಟೆಕ್ಸಸ್‌ನ ಆಸ್ತಿ ತೆರಿಗೆ, ವಿಮೆ ಎರಡೂ ಏರಿವೆ, ನಾನೇ ಆ ವಿಮೆಯ ಕಂಪನಿಗಳ ಅನ್ನ ತಿನ್ನುವವನು. ಹಣ ಹಾಕಿ, ನೀರಿನ ಪೈಪು ಬದಲಿಸಿ, ರಸ್ತೆಗೆ ಡಾಂಬರು ಹಾಕಿ, ಖರ್ಚಿಗೆ ತಕ್ಕಷ್ಟು ಬಾಡಿಗೆ ಏರಿಸುವವರನ್ನು ನಾನು ದೂರುವುದಿಲ್ಲ. ನನ್ನ ತಕರಾರು ಆ ಸ್ಲೈಡಿನ ಬಗ್ಗೆ. ಒಬ್ಬರಿಗೆ ಬೇರೆ ಮನೆ ಕೊಳ್ಳಲಾಗದು ಎಂಬ ಸಂಗತಿಯನ್ನೇ ನಮ್ಮ ಲಾಭಕ್ಕೆ ಜಾಮೀನು ಎಂದು ತೋರಿಸಿದ್ದರ ಬಗ್ಗೆ. ಕನ್ನಡದಲ್ಲಿ ತೋರಿಸಿದ್ದು ಇನ್ನಷ್ಟು ಚುಚ್ಚಿತು ಎಂದರೆ ನಗಬೇಡಿ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿಗಳು.

ಚೆಕ್ ಬರೆಯುವ ಮೊದಲು ಆ ಪ್ರೊ ಫಾರ್ಮಾ ಎಂಬ ಮುಂದಿನ ಆದಾಯ-ಖರ್ಚಿನ ಅಂದಾಜು ಹಾಳೆಯನ್ನು ತೆರೆದು, ಮುಂದಿನ ಐದು ವರ್ಷ ಲಾಟ್ ರೆಂಟ್ ಎಷ್ಟೆಷ್ಟು ಏರಿಸುವುದಾಗಿ ಲೆಕ್ಕ ಕಟ್ಟಿದ್ದಾರೆ ಎಂಬ ಒಂದು ಸಾಲನ್ನು ಹುಡುಕಿ ಓದಿ. ಬರುವ ಶೇ 8ರಲ್ಲಿ ಎಷ್ಟು ಪಾಲು ಖಾಲಿ ಲಾಟು ತುಂಬಿಸಿ ಬರುತ್ತದೆ, ಎಷ್ಟು ಪಾಲು ಇರುವವರ ಬಾಡಿಗೆ ಏರಿಸಿ ಬರುತ್ತದೆ ಎಂದು ಕೇಳಿ. ಮೊದಲನೆಯದು ವ್ಯಾಪಾರ. ಎರಡನೆಯದರ ಬಗ್ಗೆ ಇಷ್ಟು ಹೊತ್ತು ಹೇಳಿದೆ. ಪೈಪು, ಚರಂಡಿ, ವಿದ್ಯುತ್ತಿಗೆ ಎಷ್ಟು ತೆಗೆದಿಟ್ಟಿದ್ದಾರೆ ಎಂಬುದನ್ನೂ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ.

ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ, ಗೃಹಸಾಲಗಳಿಗೆ ಬೆನ್ನೆಲುಬಾಗಿರುವ ಎರಡು ಸಂಸ್ಥೆಗಳ ಬೆಂಬಲದ ಸಾಲ ಪಡೆದ ಪಾರ್ಕ್‌ಗಳಿಗೆ ಬಾಡಿಗೆದಾರರ ರಕ್ಷಣೆಯ ಕೆಲವು ಷರತ್ತುಗಳಿವೆ: ಒಂದು ವರ್ಷದ ನವೀಕರಿಸಬಹುದಾದ ಲೀಸ್, ಬಾಡಿಗೆ ಏರಿಸುವ 30 ದಿನ ಮೊದಲು ನೋಟಿಸ್, ಬಾಡಿಗೆ ತಡವಾದರೆ 5 ದಿನದ ವಾಯಿದೆ, ಮನೆಯನ್ನು ಕದಲಿಸದೆ ಇದ್ದಲ್ಲೇ ಮಾರುವ ಹಕ್ಕು, ಪಾರ್ಕ್ ಮಾರುವ ಅಥವಾ ಮುಚ್ಚುವ 60 ದಿನ ಮೊದಲು ತಿಳಿಸುವುದು. ಬೆಟ್ಟದಷ್ಟು ಬೇಡಿಕೆಗಳಲ್ಲ ಇವು. ನೀವು ಹಣ ಹಾಕುವ ಪಾರ್ಕ್ ಬೇರೆ ಬ್ಯಾಂಕಿನ ಸಾಲದಲ್ಲಿದ್ದರೂ ಇಷ್ಟನ್ನು ಲೀಸಿನಲ್ಲಿ ಬರೆಸಿ ಎಂದು ಹೂಡಿಕೆದಾರರು ಹೇಳಬಹುದು. ಈಗಾಗಲೇ ಹಣ ಹಾಕಿದವರು ನಾವು ಬರೀ ಲಿಮಿಟೆಡ್ ಪಾರ್ಟ್ನರ್ (ಹಣ ಹಾಕುವವರು, ಆಡಳಿತದಲ್ಲಿ ಕೈಯಿಲ್ಲದವರು), ನಮ್ಮ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ಮೂರು ತಿಂಗಳಿಗೊಮ್ಮೆ ಬರುವ ವರದಿಗೆ ಉತ್ತರವಾಗಿ ಹತ್ತು ಜನ ಒಂದೇ ಪ್ರಶ್ನೆ ಕೇಳಿದರೆ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಮುಂದಿನ ಪಾರ್ಕಿಗೆ ಅವರಿಗೆ ಬೇಕಿರುವುದು ಇದೇ ಹತ್ತು ಜನರ ದುಡ್ಡು.

ಮಾರಿ ಹೊರಬರುವಾಗ ಮೊದಲ ಅವಕಾಶವನ್ನು ಅಲ್ಲಿ ವಾಸಿಸುವವರಿಗೇ ಕೊಡಿ ಎಂದು ಒಪ್ಪಂದದಲ್ಲೇ ಸೇರಿಸಿ. ಆಗದ ಮಾತೇನಲ್ಲ. 1984ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಮೆರೆಡಿತ್ ಎಂಬ ಊರಲ್ಲಿ ಹದಿಮೂರು ಕುಟುಂಬಗಳು ಸಹಕಾರ ಸಂಘ ಕಟ್ಟಿಕೊಂಡು, ಸಮುದಾಯ ಸಾಲನಿಧಿಯೊಂದರ ನೆರವಿನಿಂದ ತಮ್ಮ ಕಾಲಡಿಯ ಪಾರ್ಕನ್ನು ತಾವೇ ಕೊಂಡವು. ಅದೇ ದಾರಿಯಲ್ಲಿ 2008ರಲ್ಲಿ ಶುರುವಾದ, ನಿವಾಸಿಗಳೇ ಒಡೆಯರಾದ ಪಾರ್ಕ್‌ಗಳ ಆರ್‌ಓಸಿ ಯುಎಸ್‌ಎ ಜಾಲದಲ್ಲಿ ಈಗ 300ಕ್ಕೂ ಹೆಚ್ಚು ಪಾರ್ಕ್‌ಗಳಿವೆ. ಬೆಲೆ ಮಾರುಕಟ್ಟೆಯದೇ, ನಿವಾಸಿಗಳಿಗೆ ಮಾರಿದ ಮಾತ್ರಕ್ಕೆ ಹೂಡಿದವರ ದುಡ್ಡು ಮುಳುಗುವುದಿಲ್ಲ. ಡೈರಿ ಸೊಸೈಟಿ, ಪಿಎಲ್‌ಡಿ ಬ್ಯಾಂಕ್, ಕ್ಯಾಂಪ್ಕೊ ನೋಡಿ ಬೆಳೆದ ನಮಗೆ ಸಹಕಾರ ಸಂಘ ಎಂದರೇನು ಎಂದು ಹೇಳಿಕೊಡಲು ಯಾರೂ ಬೇಕಿಲ್ಲ.

ಸಂಘದ ಪದಾಧಿಕಾರಿಗಳೇ, ರಾಜ್ಯೋತ್ಸವದ ಸ್ಟಾಲಿಗೆ, ಹೋಳಿಗೆ ಊಟದ ಪ್ರಾಯೋಜಕತ್ವಕ್ಕೆ ಇಂಥ ಹೂಡಿಕೆ ಸಂಸ್ಥೆಗಳು ಈಗ ಮುಂದೆ ಬರುತ್ತಿವೆ. ಹಣ ಬೇಕು ನಿಜ, ಹಾಲ್ ಬಾಡಿಗೆ ನನಗೂ ಗೊತ್ತು, ನಾನೂ ಎರಡು ವರ್ಷ ಖಜಾಂಚಿಯಾಗಿದ್ದವನು. ವೇದಿಕೆ ಕೊಡುವ ಮೊದಲು ಮೇಲಿನ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಸದಸ್ಯರಿಗೆ ಹಂಚಿ. ಉತ್ತರ ಕೊಡಲು ಒಲ್ಲದವರ ಹೋಳಿಗೆ ನಮಗೆ ಬೇಡ.

ಕ್ಯಾಂಟೀನಿನ ಹೆಂಗಸು ಆ ಒಂದು ಲಕ್ಷದ ಮನೆ ಕೊಳ್ಳಲಿಲ್ಲ, ಸಾಲ ಸಿಗಲಿಲ್ಲ. ಈಗ ಒಕ್ಲಹೋಮದಲ್ಲಿ ಮಗಳ ಜೊತೆ ಇದ್ದಾರೆ, ಮೊಮ್ಮಗಳ ಕೋಣೆಯಲ್ಲಿ ಇನ್ನೊಂದು ಮಂಚ. ಹೋದ ತಿಂಗಳು ಬೇರೊಂದು ಕ್ಲೇಮಿಗಾಗಿ ಅದೇ ಪಾರ್ಕಿಗೆ ಹೋಗಿದ್ದೆ. ಅವರ ಲಾಟಿನಲ್ಲಿ ಪಾರ್ಕ್‌ನವರೇ ತಂದಿಟ್ಟ ಹೊಸ ಸಿಂಗಲ್‌ವೈಡ್ ನಿಂತಿದೆ. ಕೆಂಪು ಪಟ್ಟಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಕಿಟಕಿಗೆ 'ಬಾಡಿಗೆಗೆ ಅಥವಾ ಮಾರಾಟಕ್ಕೆ' ಎಂಬ ಬ್ಯಾನರ್ ಕಟ್ಟಿದ್ದರು. ಲಾಟ್ ರೆಂಟ್ ಎಷ್ಟೆಂದು ಕಚೇರಿಯ ಹುಡುಗಿಯನ್ನು ಕೇಳಿದೆ. 695 ಅಂದಳು.

ಮುಂದಿನ ಜೂಮ್ ಸಭೆ ಯಾವಾಗಲೆಂದು ಗುಂಪಿನಲ್ಲಿ ಹಾಕಿ. ನನಗೆ ಹತ್ತು ನಿಮಿಷ ಸಾಕು. ಬೆಲೆಯ ಆ ಗೆರೆಯನ್ನು ತೋರಿಸಿದ ಮೇಲೆ ಪರದೆಯನ್ನು ನನಗೆ ಬಿಟ್ಟುಕೊಡಿ. ಕ್ಯಾಬಿನೆಟ್ ಬಾಗಿಲಿನ ಒಂದು ಫೋಟೊ ಇದೆ.

ಇಂತಿ,
ನಿಮ್ಮ ಗುಂಪಿನಲ್ಲೇ ಇರುವ ಒಬ್ಬ ಅಡ್ಜಸ್ಟರ್
ಉತ್ತರ ಟೆಕ್ಸಸ್